ಉಸಿರು ನೆನಪಿಸಿದ ಸಿಸ್ಟರ್ ಗುರಮ್ಮ

ನನ್ನ ಮಗಳು ಹುಟ್ಟಿದ ಮರುದಿನವೇ ಉಸಿರಾಡುವುದನ್ನು ಮರೆತಳು. ಅದೂ ಮಟಮಟ ಮಧ್ಯಾಹ್ನ, ನನ್ನ ಕಣ್ಣೆದುರಿಗೆ.

ಮೊದಲಿನಿಂದ ಹೇಳುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂದು ಹೆಂಡತಿ ಸುಧಾಳನ್ನು ಔರಂಗಾಬಾದಿಗೆ ಕಳಿಸುವ ತಯಾರಿ ನಡೆದಿತ್ತು. ಎಂಟನೇ ತಿಂಗಳು ಆಗಷ್ಟೇ ಹಿಡಿದಿತ್ತು. ನಾಸಿಕದ ಹತ್ತಿರದ ಓಝರ್‌ನ ನಮ್ಮ ಕ್ವಾರ್ಟರ್ಸಿನಲ್ಲಿ ಟ್ರಂಕಿಗೆ ಸೀರೆ ತುಂಬುತ್ತಿದ್ದವಳು ಹೊಟ್ಟೆ ಹಿಡಿದು ಕುಳಿತಳು. ಗೆಳೆಯರೊಬ್ಬರ ಜೀಪಿನಲ್ಲಿ ನಾಸಿಕದ ಆಸ್ಪತ್ರೆ ಸೇರಿದೆವು.

ಅಲ್ಲಿ ಸಿಕ್ಕವರು ಸಿಸ್ಟರ್ ಗುರಮ್ಮ. ಭಾಲ್ಕಿಯವರು. (ಮರಾಠಿ ವಾರ್ಡಿನಲ್ಲಿ ನಮ್ಮ ಬೀದರ್ ಕನ್ನಡ ಕಿವಿಗೆ ಬಿದ್ದದ್ದೇ ಅರ್ಧ ಭಯ ಹೋಯಿತು.) ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. ಸುಧಾಳನ್ನು ಎಡಮಗ್ಗುಲಿಗೆ ಮಲಗಿಸಿದರು.

"ಎದ್ದು ಓಡಾಡಬ್ಯಾಡ್ರಿ. ಒಂದ್ ದಿನಾ ಜಾಸ್ತಿ ಒಳಗಿದ್ರೂ ಕೂಸಿಗಿ ಛಲೋನೇ."

ಎರಡು ದಿನ ತಡೆದರು. ಮೂರನೆಯ ಮಧ್ಯಾಹ್ನ ಮಗಳು ಬಂದೇಬಿಟ್ಟಳು. ಒಂದು ಮೊಳವೂ ಇಲ್ಲ.

ಟ್ರಂಕ್ ಕಾಲ್ ಮುಟ್ಟಿದ್ದೇ ತಡ, ಅತ್ತೆ ಮರುದಿನ ಔರಂಗಾಬಾದಿನ ಬಸ್ಸಿಳಿದು ನೇರ ವಾರ್ಡಿಗೆ ಬಂದರು. ಕೈಯಲ್ಲಿ ಎಣ್ಣೆ ಬಾಟಲಿ.

"ಎಣ್ಣಿ ಹಚ್ಚಿ ಎರೆದ್ರ ಗಟ್ಟಿ ಆಗ್ತದ," ಎಂದರು. ಮರುಕ್ಷಣವೇ ಅಳು. "ಏಳರಾಗ ಹುಟ್ಟಿದ್ದು ಉಳೀತದ, ಎಂಟರಾಗಿನದು ಉಳಿಯಂಗಿಲ್ಲ ಅಂತಾರ."

ಹತ್ತಿಯಲ್ಲಿ ಸುತ್ತಿದ ಕೂಸಿನ ಮೇಲಿಂದ ಗುರಮ್ಮ ಕಣ್ಣು ತೆಗೆಯಲಿಲ್ಲ. "ಅವ್ವಾರ, ಕೂಸಿಗಿ ತಿಂಗಳಾ ಎಣಿಸಾಕ ಬರಂಗಿಲ್ಲ. ಈಗ ಮೈ ತೋಯಿಸಿದ್ರ ಥಂಡಿ ಹತ್ತಿ ಹೋಗಿಬಿಡ್ತದ. ಎಣ್ಣಿ ಒಳಗಿಡ್ರಿ."

ಅತ್ತೆ ಉತ್ತರ ಕೊಡುವಷ್ಟರಲ್ಲಿ ಕೂಸಿನ ಎದೆಯ ಏರಿಳಿತ ನಿಂತಿತು. ತುಟಿ ನೀಲಿಗಟ್ಟಿತು. ನಾನು ಕಿರುಚಿದೆನೋ ಇಲ್ಲವೋ, ನೆನಪಿಲ್ಲ. ಗುರಮ್ಮ ಪುಟ್ಟ ಅಂಗಾಲಿಗೆ ಬೆರಳಿನಿಂದ ಟಕ್ಕೆಂದು ಚಿಮ್ಮಿದರು. ಏನೂ ಇಲ್ಲ. ಮತ್ತೊಮ್ಮೆ. ಕೂಸು ಮುಖ ಸಿಂಡರಿಸಿತು, ಉಸಿರೆಳೆದುಕೊಂಡಿತು.

"ದಿನಾ ತುಂಬದ ಕೂಸುಗಳು ಹಿಂಗ ಮರೀತಾವ್ರಿ. ನಾವು ನೆನಪ ಮಾಡಬೇಕು," ಎಂದರು, ಅಷ್ಟೇ.

ಮುಂದಿನ ಎರಡು ವಾರ ಅದೇ ಕೆಲಸ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಡ್ರಾಪರಿನಲ್ಲಿ ಹನಿಹನಿಯಾಗಿ ತಾಯಿಹಾಲು, ಅಂಗಾಲಿನ ಬಳಿ ಸದಾ ಒಂದು ಬೆರಳು. ಗುರಮ್ಮ ಊಟಕ್ಕೆದ್ದಾಗ ಆ ಬೆರಳು ಯಾರದು ಗೊತ್ತೇ? ಅತ್ತೆಯದು! ಕೈ ತೊಳೆದುಕೊಂಡು, ಕಲಿತುಕೊಂಡು, ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು.

ತಿಂಗಳು ಕಳೆದು ಮೊನ್ನೆ ಸುಧಾ, ಮಗಳು, ಅತ್ತೆ ಮೂವರೂ ಮನೆಗೆ ಬಂದರು. ಮಗಳ ಕೆನ್ನೆ ತುಂಬಿದೆ. ನನ್ನ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ. ಆಸ್ಪತ್ರೆಯಿಂದ ಹೊರಡುವ ಮುಂಚೆ ವಾರ್ಡಿಗೆಲ್ಲ ಪೇಢೆ ಹಂಚಿದೆ, ಡಾಕ್ಟರರಿಗೆ ಹಾರ ಹಾಕಿದೆ. (ಗುರಮ್ಮ ಆಗಲೇ ಇನ್ನೊಂದು ಕೂಸಿನ ಪಕ್ಕ ಕುಳಿತಿದ್ದರು. ದೂರದಿಂದಲೇ ಕೈ ಬೀಸಿದರು.) ಡಿಸ್ಚಾರ್ಜ್ ಕಾರ್ಡಿನಲ್ಲಿ ಸುಧಾಳ ಹೆಸರಿದೆ, ನನ್ನ ಹೆಸರಿದೆ, ಡಾಕ್ಟರರ ಸಹಿಯಿದೆ.

ಗುರಮ್ಮನ ಹೆಸರು ಬರೆಯಲು ಒಂದು ಗೆರೆಯೂ ಇಲ್ಲವಲ್ಲ, ಯಾಕೆ?