ಹಿತ್ತಲಿನ ಎಡೆ

ನಾನು ಟರ್ಕಿಗೆ ಪ್ರವಾಸ ಹೊರಟಾಗ ದೊಡ್ಡಪ್ಪ, "ಅಜ್ಜಿ ತವರಿಗೆ ಹೊರಟ್ಯಾ?" ಎಂದು ಕಿಸಕ್ಕನೆ ನಕ್ಕರು. ಅಮ್ಮನ ಅಮ್ಮ ಮುಸ್ಲಿಮರ ಮನೆಯಲ್ಲಿ ಹುಟ್ಟಿ, ತಾತನನ್ನು ಮೆಚ್ಚಿ ಬಂದವಳು. ಅವಳ ತವರು ಇದ್ದದ್ದು ಮುಳಬಾಗಿಲಿನಲ್ಲಿ; ನಮ್ಮ ದೇವರಾಯಸಮುದ್ರದಿಂದ ಬಸ್ಸಿನಲ್ಲಿ ಕೂತು ಟಿಕೆಟ್ ತಗೊಳ್ಳುವಷ್ಟರಲ್ಲಿ ಬರುವ ಊರು. ಆದರೂ ಜಗಳವಾದಾಗಲೆಲ್ಲ ದೊಡ್ಡಪ್ಪನ ಬಾಯಲ್ಲಿ ಅಮ್ಮ "ತುರುಕರವಳ ಮಗಳು".

ಅಮ್ಮನಿಗೆ ಒಡಹುಟ್ಟಿದವರಿಲ್ಲ. ಅಜ್ಜಿಗೆ ಎಡೆ ಇಡಲು ಬೇರೆ ಯಾರಿದ್ದರು? ಪಿತೃಪಕ್ಷದಲ್ಲಿ ನಡುಮನೆಯ ಎಡೆಗಳೆಲ್ಲ ನಮ್ಮಪ್ಪನ ಕಡೆಯ ಹಿರಿಯರಿಗೆ. ಎಲ್ಲರ ಊಟವಾದ ಮೇಲೆ ಅಮ್ಮ ಹಿತ್ತಲ ನುಗ್ಗೆಮರದ ಬುಡದಲ್ಲಿ ಸಣ್ಣ ಎಲೆ ಹಾಕಿ ತನ್ನಮ್ಮನಿಗೆ ಬಡಿಸುತ್ತಿದ್ದಳು. "ಒಂದ್ಸಲನಾದ್ರೂ ಒಳಗಿಡ್ಬೇಕು ಕಣೇ" ಅನ್ನುತ್ತಿದ್ದಳು.

ಟರ್ಕಿಯಲ್ಲಿ ಬುರ್ಸಾ ಹತ್ತಿರದ ಒಂದು ಹಳ್ಳಿಮನೆಯಲ್ಲಿ ಉಳಿದಿದ್ದೆ. ಆ ಮನೆಯಾಕೆಯ ಅಜ್ಜಿ ಗ್ರೀಕರವಳು. ಎರಡು ದೇಶಗಳು ಒಪ್ಪಂದ ಮಾಡಿಕೊಂಡು ಜನರನ್ನೇ ಅದಲುಬದಲು ಮಾಡಿದಾಗ ಅವಳ ಕಡೆಯವರೆಲ್ಲ ಹಡಗು ಹತ್ತಿದರಂತೆ. ತುರ್ಕಿಯವನ ಕೈಹಿಡಿದು ಅವಳೊಬ್ಬಳು ಉಳಿದಳಂತೆ. ಊರವರು ಸಿಟ್ಟು ಬಂದರೆ ಅವಳನ್ನು "ಗಾವುರ್" ಅನ್ನುತ್ತಿದ್ದರು. ಅಂದರೆ ನಮ್ಮ ಧರ್ಮದವಳಲ್ಲ ಅಂತ. ಕೇಳಿ ನನಗೆ ನಗು ಬಂತು, ಆಮೇಲೆ ಅಳು.

ಅವತ್ತು, ಎಷ್ಟೋ ವರ್ಷದ ಹಿಂದೆ ಆ ಅಜ್ಜಿ ತೀರಿಕೊಂಡ ದಿನ. ಮನೆಮಂದಿಯೆಲ್ಲ ಸೇರಿ ಹಲ್ವಾ ಮಾಡುತ್ತಿದ್ದರು. ಬೆಣ್ಣೆಯಲ್ಲಿ ಹುರಿದ ರವೆ, ಸಕ್ಕರೆ. ಬಣ್ಣ ಹಾಕದ ನಮ್ಮ ಕೇಸರಿಬಾತೇ. ಒಬ್ಬೊಬ್ಬರೂ ತಮ್ಮ ಸತ್ತವರನ್ನು ನೆನೆದು ಸೌಟು ತಿರುಗಿಸುತ್ತಾರೆ. ನನ್ನ ಕೈಗೂ ಕೊಟ್ಟರು. ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ತೋರಿಸಿದೆ.

"ಯಾರಿಗೇ ಅದು?"

"ನಿಮ್ಮಮ್ಮನಿಗೆ ಕಣಮ್ಮ."

ಅಮ್ಮ ಫೋನಿಗೆ ಮುಖ ಹತ್ತಿರ ತಂದು ಬಾಣಲೆಯೊಳಗೆ ಇಣುಕಿದಳು. ಆಮೇಲೆ ತನ್ನ ತವರಿನ ತೆಲುಗಿನಲ್ಲಿ, "ಇಂಕೊಂಚೆಂ ನೆಯ್ಯಿ ವೆಯ್ಯವೇ" ಎಂದಳು, ಇನ್ನೊಂಚೂರು ತುಪ್ಪ ಹಾಕೇ ಅಂತ. ಅಜ್ಜಿಗೆ ತುಪ್ಪವೆಂದರೆ ಜೀವ ಎಂದು ನನಗೆ ಗೊತ್ತಾದದ್ದೇ ಆವತ್ತು.

ನಾನು ಬಂದ ಸ್ವಲ್ಪ ದಿನಕ್ಕೇ ಅಮ್ಮ ಹೋದಳು. ವರ್ಷ ತುಂಬಿದ ಮೇಲಿನ ಪಿತೃಪಕ್ಷಕ್ಕೆ ನಾನೇ ರವೆ ಹುರಿದೆ, ತುಪ್ಪ ಧಾರಾಳವಾಗಿ ಸುರಿದೆ. ನಡುಮನೆಯಲ್ಲಿ ಅಮ್ಮನ ಸೀರೆಯ ಮುಂದೆ ಅವಳ ಎಡೆ, ಪಕ್ಕದಲ್ಲೇ ಇನ್ನೊಂದು ಎಲೆ.

"ಇದ್ಯಾರ್ದೇ?" ಎಂದರು ದೊಡ್ಡಪ್ಪ.

"ಅಮ್ಮನ ಅಮ್ಮಂದು, ದೊಡ್ಡಪ್ಪ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಸುಮ್ಮನೆ ಆ ಎಲೆ ಎತ್ತಿಕೊಂಡು ಹೋಗಿ ನುಗ್ಗೆಮರದ ಬುಡದಲ್ಲಿಟ್ಟು, ಕೈ ತೊಳೆದು ಬಂದರು.

ಎದ್ದೆ. ಅಮ್ಮನ ಎಡೆಯನ್ನೂ ಎತ್ತಿಕೊಂಡು ಹೋಗಿ ಅದರ ಪಕ್ಕದಲ್ಲಿಟ್ಟೆ.