ಹಲಗೆ ಕಳಚಿದ ಸೇತುವೆ

ಎಪ್ಪತ್ತರ ದಶಕದ ಕೊನೆಯ ಭಾಗ, ಪುಷ್ಯ ಮಳೆಯ ಒಂದು ಗುರುವಾರ, ಬೆಳಗ್ಗೆ ಎಂಟು ಗಂಟೆ. ಬಿಕ್ಕೋಡಿನಾಚೆಯ ಹಳ್ಳದ ಮರದ ಸೇತುವೆಯ ಬಳಿ ಇದ್ದವರು: ಅರಸೀಕೆರೆಯಿಂದ ವರ್ಗವಾಗಿ ಬಂದು ಆಗಷ್ಟೇ ಅಲ್ಲಿನ ಶಾಲೆಗೆ ಮೇಷ್ಟ್ರಾಗಿದ್ದ ನಾನು, ಸೇತುವೆಯ ಉಸ್ತುವಾರಿ ನೋಡುತ್ತಿದ್ದ ಬಡಗಿ ಮನೆತನದ ಅಜ್ಜಿ, ಊರಿನ ಅಂಗಡಿಯವನು, ಎರಡೂ ದಡದ ಮನೆಗಳವರು.

ಸೇತುವೆಗೆ ಹೆಂಚಿನ ಚಾವಣಿಯಿತ್ತು. ಬಯಲುಸೀಮೆಯವನಾದ ನಾನು ಅಂಥದ್ದನ್ನು ಕಂಡಿರಲಿಲ್ಲ. ಹಿಂದೆ ತೋಟದ ಧಣಿಗಳು ಕಾಫಿ ಮೂಟೆ ಸಾಗಿಸಲು ಕಟ್ಟಿಸಿದ್ದಂತೆ. ಹೊರುವವರು ನೆನೆಯಬಾರದೆಂದು ಚಾವಣಿ ಹಾಕಿಸಿದರೇನೋ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, ಆಳುಗಳಲ್ಲ, ಮೂಟೆ ನೆನೀಬಾರದೂಂತ, ಎಂದು ತಿದ್ದಿದ್ದರು. ಧಣಿಗಳು ತೋಟ ಮಾರಿ ಹೋದ ಮೇಲೆ ಸೇತುವೆ ಊರಿನದಾಯಿತು. ಒಂದೊಂದು ಹಲಗೆ ಒಂದೊಂದು ಮನೆಯದು. ತುದಿಯಲ್ಲಿ ಆ ಮನೆಯ ಗುರುತು ಕೆತ್ತಿರುತ್ತಿತ್ತು. ಹಲಗೆಗಳಿಗೆ ಮರದ ಬೆಣೆಯೇ ಹೊರತು ಮೊಳೆಯಿಲ್ಲ. ಹಳ್ಳ ಉಕ್ಕುವ ಸೂಚನೆ ಕಂಡರೆ ಪ್ರತಿ ಮನೆಯವರೂ ಬಂದು ತಮ್ಮ ಹಲಗೆ ಕಳಚಿ ದಡಕ್ಕೆ ಒಯ್ಯಬೇಕು. ಅದು ಅಲ್ಲಿನ ಕಟ್ಟಳೆ.

ಅಂದು ಅಂಚಿನ ಹಲಗೆಗಳೆಲ್ಲ ಬೇಗ ಬಂದವು. ನಡುವಿನವು ಜಗ್ಗಲಿಲ್ಲ. ಸೀಮೆಎಣ್ಣೆ ಡಬ್ಬ ಕಟ್ಟಿದ ಸೈಕಲ್ಲು ಹೋಗುವಾಗ ಹಲಗೆಗಳು ಕುಲುಕಿ ಸದ್ದು ಮಾಡುತ್ತವೆಂದು ಅಂಗಡಿಯವನು ಬೇಸಿಗೆಯಲ್ಲಿ ಅವಕ್ಕೆ ಮೊಳೆ ಹೊಡೆದಿದ್ದ.

"ಏನ್ಲಾ, ಹಲ್ಗೆ ಓಡೋಯ್ತವೆ ಅಂತ ಕಟ್ಟಾಕಿದ್ಯಾ?" ಎಂದರು ಅಜ್ಜಿ.

"ಸದ್ದು ಮಾಡ್ತಿದ್ವು ಕಣಜ್ಜಿ."

"ಮಾಡ್ಲಿ ಬಿಡು. ಈಗ ನೀರು ಆ ಹಲ್ಗೆಗಳ್ನೇ ಹಿಡ್ಕಂಡು ಸೇತ್ವೆನೇ ಎತ್ತಾಕ್ತೈತೆ."

ಸೇತುವೆ ಹೋದರೆ ಆಚೆ ದಡದವರಿಗೆ ಬಸ್ಸಿಗೂ ಆಸ್ಪತ್ರೆಗೂ ಬೇರೆ ದಾರಿಯಿರಲಿಲ್ಲ. ಹೊಸದನ್ನು ಯಾರೂ ಕಟ್ಟಿಕೊಡುವಂತಿರಲಿಲ್ಲ. ಅಂಗಡಿಯವನು ಸೊಂಟಕ್ಕೆ ಹಗ್ಗ ಬಿಗಿದು, ಹಾರೆ ಹಿಡಿದು ತೊಲೆಯ ಮೇಲೆ ಕುಕ್ಕರಗಾಲಿನಲ್ಲಿ ಸರಿಯುತ್ತ ಹೋದ. ಹಗ್ಗದ ಇನ್ನೊಂದು ತುದಿ ನಮ್ಮ ಕೈಯಲ್ಲಿತ್ತು. ಅವನು ಮೀಟಿ ಎಬ್ಬಿಸಿದ ಹಲಗೆಗಳನ್ನು ಹಿಂದಿದ್ದವರು ಕೈಯಿಂದ ಕೈಗೆ ಸಾಗಿಸಿದರು. ಕೊನೆಯದು ಏಳುವಾಗ ನೀರು ಅವನ ಮೊಣಕಾಲಿಗೆ ಬಂದಿತ್ತು. ಹಗ್ಗ ಎಳೆದು ಅವನನ್ನು ದಡ ಸೇರಿಸಿಕೊಂಡೆವು.

ಅಷ್ಟರಲ್ಲಿ ಹಳ್ಳ ಸೇತುವೆಯೊಳಕ್ಕೇ ನುಗ್ಗಿತು. ಬರಿಯ ತೊಲೆಗಳ ಸಂದಿಯಲ್ಲಿ ಕೆಂಪು ನೀರು ಏರಿ, ಇಳಿದು, ತನ್ನ ಪಾಡಿಗೆ ಹೊರಟುಹೋಗುತ್ತಿತ್ತು. ಬುಡಸಮೇತ ಬಂದ ಮರವೊಂದು ಕಂಬಕ್ಕೆ ಬಡಿದಾಗ ಇಡೀ ಸೇತುವೆ ನರಳಿತು, ಅಲುಗಿತು, ಮತ್ತೆ ಇದ್ದಲ್ಲೇ ಕೂತಿತು. ಮೇಲಿನ ಅಷ್ಟೂ ಹೆಂಚಿನ ಭಾರ ಅದನ್ನು ಒತ್ತಿ ಹಿಡಿದಿತ್ತು. ಮೂಟೆಗಾಗಿ ಹೊದಿಸಿದ ಚಾವಣಿ ಹೀಗೆ ಸೇತುವೆಯನ್ನೇ ಕಾಯುತ್ತದೆಂದು ಕಟ್ಟಿಸಿದವರಿಗೆ ಗೊತ್ತಿತ್ತೋ ಇಲ್ಲವೋ, ಕಟ್ಟಿದವರಿಗಂತೂ ಗೊತ್ತಿದ್ದಿರಬೇಕು. ಬೇಲೂರು, ಹಳೇಬೀಡಿನ ಗುಡಿಗಳ ಮುಂದೆಯೂ ನಾನು ಅಷ್ಟು ಹೊತ್ತು ನಿಂತು ನೋಡಿದವನಲ್ಲ. ಶಾಲೆಯ ಗಂಟೆ ಹೊಡೆಯುವ ಹೊತ್ತು ಮೀರಿದ್ದು ನನಗೆ ಗೊತ್ತೇ ಆಗಲಿಲ್ಲ.

ಸಂಜೆಗೆ ನೀರು ತೊಲೆಗಳಿಂದ ಕೆಳಗಿಳಿಯಿತು. ಅಜ್ಜಿ ಕೋಲಿನಿಂದ ತೊಲೆಗಳನ್ನು ಒಂದೊಂದಾಗಿ ತಟ್ಟಿ, ಸದ್ದು ಆಲಿಸಿ, ಗಟ್ಟಿಯಾಗಿವೆ, ನಾಳೆ ಹಲಗೆ ಹಾಕಬಹುದು ಎಂದರು. ಅಂಗಡಿಯವನು ದಡದಲ್ಲಿ ಕೂತು ಹಲಗೆಗಳಲ್ಲಿ ಉಳಿದಿದ್ದ ಮೊಳೆಗಳನ್ನು ಕೀಳುತ್ತಿದ್ದ. ಕತ್ತಲಲ್ಲಿ ಯಾರೂ ತಿಳಿಯದೆ ಒಳಕ್ಕೆ ಕಾಲಿಡಬಾರದಲ್ಲ. ನಾನು ಸೇತುವೆಯ ಬಾಯಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಲಾಟೀನು ಹಚ್ಚಿ ತೂಗುಹಾಕಿದೆ.