ಮೊದಲ ದಿನದ ಎಣ್ಣೆ

ಎಣ್ಣೆ ಬಾವಿ ನೋಡಿಕೊಳ್ಳುವವನಿಗೆ ಮೂಗು ಚುರುಕಾಗಿರಬೇಕು, ಬಾಯಿ ಮುಚ್ಚಿರಬೇಕು ಅನ್ನುತ್ತಾರೆ ನಮ್ಮ ಪಶ್ಚಿಮ ಟೆಕ್ಸಸ್ಸಿನಲ್ಲಿ. ಆರ್ವಲ್ ಹಾಸ್ಕೆಟ್‌ಗೆ ಮೂಗೇನೋ ಇತ್ತು, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಅದಕ್ಕೇ ನನಗೆ ಆ ಮುದುಕ ಇಷ್ಟ. ಹದಿನಾಲ್ಕು ವರ್ಷ ಅವನ ಜೊತೆ ಇದೇ ಕೆಲಸ ಮಾಡಿದವಳು ನಾನು.

ಅವನು ನೋಡಿಕೊಳ್ಳುತ್ತಿದ್ದದ್ದು ಕಂಪನಿಯ ಒಂದು ಹಳೇ ಬಾವಿ. ನೆಟ್ಟಗೆ ಕೊರೆದದ್ದು, ದಿನಕ್ಕೆ ಎಂಟು ಪೀಪಾಯಿ ಎಣ್ಣೆ. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ತೊಟ್ಟಿ ಹತ್ತಿ, ಹಿತ್ತಾಳೆ ಗುಂಡು ಕಟ್ಟಿದ ಅಳತೆಪಟ್ಟಿ ಇಳಿಸಿ ನೋಡಿ, "ಶಭಾಷ್ ಮುದುಕಿ" ಎಂದು ಪಂಪನ್ನು ತಟ್ಟುತ್ತಿದ್ದ. ಹೆಂಡತಿ ಲೊರೀನ್‌ಳನ್ನು ಮಣ್ಣು ಮಾಡಿದ ಮರುದಿನವೂ ಹೋಗಿದ್ದ. "ಇನ್ನೆಲ್ಲಿಗೆ ಹೋಗ್ಲಿ ಹೇಳು?" ಎಂದಿದ್ದ.

ಪಕ್ಕದಲ್ಲೇ ಕಂಪನಿ ಹೊಸ ಬಾವಿ ಕೊರೆಯಿತು. ಕೆಳಗೆ ಎರಡು ಮೈಲಿ, ಅಲ್ಲಿಂದ ಅಡ್ಡಕ್ಕೆ ಎರಡು ಮೈಲಿ. ನೀರು, ಮರಳು ತುರುಕಿ ಬಂಡೆ ಸೀಳುವಷ್ಟು ದಿನ ಹಳೆಯದನ್ನು ನಿಲ್ಲಿಸಿದರು. ಆಮೇಲೆ ಅದಕ್ಕೆ ಸಿಮೆಂಟು ಸುರಿದು ಮುಚ್ಚಿಬಿಡುತ್ತಾರೆ ಅನ್ನುವ ಸುದ್ದಿ ಹಬ್ಬಿತು.

ಆಗ ಮ್ಯಾನೇಜರ್ ಕೆಂಡ್ರಾ ಬಂದಳು.

"ಯಜಮಾನ್ರೇ, ನಾಳೆ ಹೊಸದನ್ನ ಪೂರ್ತಿ ತೆರೆದುಬಿಡಿ. ಒಂದೇ ದಿನ."

"ನಿಧಾನಕ್ಕೆ ಬರ್ಲಿ ಬಿಡಮ್ಮ. ಒಂದೇ ಸಲ ಬಿಟ್ರೆ ಬಿರುಕು ಮುಚ್ಚದ ಹಾಗೆ ತುರುಕಿದ ಮರಳೂ ಕಿತ್ಕೊಂಡು ಬರತ್ತೆ, ಬಿರುಕೆಲ್ಲ ಮುಚ್ಕೊಳತ್ತೆ. ಆತುರಗಾರನಿಗೆ ಬುದ್ಧಿ ಮಟ್ಟ."

"ಷೇರು ಕೊಳ್ಳೋರು ನೋಡೋದು ಮೊದಲ ದಿನದ ಎಣ್ಣೇನ. ಅದು ಜೋರಾಗಿ ಬರ್ಲಿ, ನಿಮ್ಮ ಮುದುಕೀನ ಯಾರೂ ಮುಟ್ಟಲ್ಲ. ನನ್ನ ಮಾತು."

ಆರ್ವಲ್‌ನ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಮರುದಿನ ತನ್ನ ಕೈಯಾರೆ ಹೊಸ ಬಾವಿಯ ಕವಾಟದ ಚಕ್ರ ಪೂರ್ತಿ ತಿರುಗಿಸಿದ.

ಸಾವಿರದ ಒಂಬೈನೂರು ಪೀಪಾಯಿ! ಕಂಪನಿ ಆ ಸಂಖ್ಯೆಯನ್ನು ಟೋಪಿಗಳ ಮೇಲೆ ಕಸೂತಿ ಹಾಕಿಸಿ ಹಂಚಿತು. ಟೋಪಿ ಹಾಕಿಕೊಂಡೇ ಆರ್ವಲ್ ಹಳೇ ಬಾವಿಯನ್ನು ಮತ್ತೆ ಶುರು ಮಾಡಲು ಹೋದ. ನಾನೂ ಹೋದೆ. ಸಂಜೆಯವರೆಗೆ ಪಂಪು ಓಡಿತು. ಪಟ್ಟಿ ಇಳಿಸಿದರೆ ಎಣ್ಣೆಯ ಜಿಡ್ಡೇ ಇಲ್ಲ. ಬೆರಳು ನೆಕ್ಕಿ ನೋಡಿದ. ಬರೀ ಉಪ್ಪುನೀರು. ಹೊಸ ಬಾವಿಗೆ ತುರುಕಿದ ನೀರು ಬಂಡೆಯೊಳಗೇ ದಾರಿ ಮಾಡಿಕೊಂಡು ಇಲ್ಲಿಗೆ ನುಗ್ಗಿತ್ತು.

"ಹಾಳಾದೋರು, ಮುಳುಗಿಸಿಬಿಟ್ರಲ್ಲೇ!" ಎಂದು ತೊಟ್ಟಿಯ ಮೆಟ್ಟಿಲ ಮೇಲೆ ಕುಸಿದ.

ಶನಿವಾರ ಕಂಪನಿಯ ಅಂಗಳದಲ್ಲಿ ಮಾಂಸ ಸುಟ್ಟು ಊಟ ಹಾಕಿದರು. ಆರ್ವಲ್ ಕೆಂಡ್ರಾಳ ಹತ್ತಿರ ಹೋದ.

"ಮೇಡಂ, ಒಂದು ಗಾಡಿ ಕಳ್ಸಿ. ನೀರು ಎಳೆದು ಹಾಕಿದ್ರೆ ಹಳೇದು ಬದುಕ್ಕೊಳತ್ತೆ. ನಾಲ್ಕು ದಿನದ ಕೆಲಸ."

ಅವಳು ತುಟಿ ಒರೆಸಿಕೊಂಡಳು. "ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಲ್ಲ, ಯಜಮಾನ್ರೇ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆ ಟೋಪಿ ಹಾಕಿಕೊಂಡು ಅವನೂ ನಕ್ಕ. ಅವನು ನಕ್ಕದ್ದನ್ನು ನಾನು ಸಾಯುವತನಕ ಮರೆಯಲಾರೆ.

ಮೂರೇ ತಿಂಗಳಿಗೆ ಹೊಸ ಬಾವಿ ಮರಳು ಕಟ್ಟಿಕೊಂಡು ಕಾಲುಭಾಗಕ್ಕೆ ಇಳಿಯಿತು. ಆ ಸಂಖ್ಯೆಗೆ ಯಾರೂ ಟೋಪಿ ಹೊಲಿಸಲಿಲ್ಲ. ಆರ್ವಲ್ ಈಗ ಬೆಳಿಗ್ಗೆ ಮನೆಯಿಂದ ಹೊರಡುವುದಿಲ್ಲ. ಹಳೇ ಪಂಪು ತುಕ್ಕು ಹಿಡಿದು ನಿಂತಿದೆ. ಕೊಟ್ಟ ಮಾತಿನಂತೆ, ಇವತ್ತಿನವರೆಗೂ ಯಾರೂ ಮುಟ್ಟಿಲ್ಲ.